ಈ ಕಡೆ

“ಈ ಹೊತ್ತಿನಲ್ಲೂ ಇಷ್ಟೊಂದು ಮಂಜಾ?”

ಯಜಮಾನರು ಅದನ್ನು ಯಾರನ್ನೂ ಕೇಳಿದ್ದಲ್ಲ. ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದು, ಮುಖವನ್ನು ಗಾಜಿನ ಹತ್ತಿರಕ್ಕೆ ಚಾಚಿ, ತಮ್ಮ ಪಾಡಿಗೆ ತಾವು ಕೇಳಿಕೊಂಡರು. ಪಕ್ಕದ ಸೀಟಿನಲ್ಲಿದ್ದ ಹೆಂಡತಿ ಹೊರಗೆ ನೋಡಿದಳು. ಆಕಾಶ ತೊಳೆದಿಟ್ಟ ತಟ್ಟೆಯಂತಿತ್ತು. ದೂರದ ಗುಡ್ಡದ ಮೇಲೆ ತಂತಿಕಂಬಗಳು ಒಂದರ ಹಿಂದೊಂದು ಸಾಲಾಗಿ ಕಾಣುತ್ತಿದ್ದವು. ಮಂಜೆಲ್ಲಿಯದು ಎಂದು ಕೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅವರು ಬಟ್ಟೆಯ ಚೂರೊಂದನ್ನು ತೆಗೆದು ಒಳಗಿನಿಂದ ಗಾಜು ಒರೆಸತೊಡಗಿದರು. ಕಾರು ಕೊಂಚ ವಾಲಿತು. ಅವಳು ಬಾಯಿ ಮುಚ್ಚಿಕೊಂಡು ಬಾಗಿಲ ಹಿಡಿಯನ್ನು ಹಿಡಿದುಕೊಂಡಳು.

ಹಿಂದಿನ ಸೀಟಿನಲ್ಲಿ ಅವಳ ತಂಗಿ ನಿದ್ದೆ ಹೋಗಿದ್ದಳು. ಎಚ್ಚರವಿದ್ದಿದ್ದರೆ ಆ ಒಂದು ಪ್ರಶ್ನೆಗೆ ಹತ್ತು ಉತ್ತರ ಬರುತ್ತಿತ್ತು. ತಂಗಿಗೆ ಬಸ್ ನಿಲ್ದಾಣದಲ್ಲಿ ಕೆಲಸ. ಗಾಜಿನ ಗೂಡಿನೊಳಗೆ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ, ಯಾವಾಗ ಹೊರಡುತ್ತದೆ ಎಂದು ದಿನವಿಡೀ ಮೈಕಿನಲ್ಲಿ ಕೂಗುವುದು. ಕೂಗಿ ಕೂಗಿ ಅವಳಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. ಭಾವ ಅವಳನ್ನು ಕರೆಯುವುದೇ ಮೈಕಮ್ಮ ಎಂದು. ಅವಳ ಕಿವಿಗೆ ಬಿದ್ದ ಮಾತು ಸಂಜೆಯೊಳಗೆ ನೆಂಟರಿಷ್ಟರ ಮನೆಯನ್ನೆಲ್ಲ ಸುತ್ತಿ ಬರುತ್ತಿತ್ತು. ಕೆಟ್ಟ ಬುದ್ಧಿಯೇನಲ್ಲ; ಹೊಟ್ಟೆಯಲ್ಲಿ ಮಾತು ನಿಲ್ಲುತ್ತಿರಲಿಲ್ಲ, ಅಷ್ಟೆ.

ಈ ಸುತ್ತಾಟಕ್ಕೆ ಹೊರಟದ್ದು ಯಜಮಾನರ ಹಟಕ್ಕೆ. ಅವರು ಹಡಗುಕಟ್ಟೆಯಲ್ಲಿ ಪೇಂಟರಾಗಿದ್ದವರು. ಹಡಗಿಗೆ ಬಣ್ಣ ಬಳಿಯುವವರು ಬೇಕಾದಷ್ಟು ಜನ ಇದ್ದರು. ಹಡಗಿನ ಮೂತಿಯ ಮೇಲೆ ಆಳೆತ್ತರದ ಅಕ್ಷರಗಳಲ್ಲಿ ಅದರ ಹೆಸರು ಬರೆಯುವ ಕೈ ಮಾತ್ರ ಅವರೊಬ್ಬರದೇ. ಅವರು ಮೊಟ್ಟಮೊದಲು ಹೆಸರು ಬರೆದ ಹಡಗನ್ನು ಈಚೆಗೆ ಒಡೆದು ಹಾಕಿದರಂತೆ. ಮೂತಿಯನ್ನಷ್ಟೇ ಕೊಯ್ದು ತಂದು ದೂರದ ಬಂದರಿನ ಹಡಗು ಮ್ಯೂಸಿಯಮ್ಮಿನಲ್ಲಿ ನಿಲ್ಲಿಸಿದ್ದಾರಂತೆ. ರೇಡಿಯೋದಲ್ಲಿ ಅದನ್ನು ಕೇಳಿದಂದಿನಿಂದ ಅವರು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. “ಬೇಗ ಹೋಗಿಬಿಡೋಣ ಕಣೇ, ತಡ ಮಾಡೋದು ಬೇಡ” ಅಂದರು. ಏಕೆ ತಡ ಮಾಡಬಾರದು ಎಂದು ಅವಳು ಕೇಳಲಿಲ್ಲ. ಅವರು ಹೊರಡೋಣ ಅಂದರೆ ಅವಳು ಚೀಲ ತುಂಬುತ್ತಿದ್ದಳು. ವಾಪಸು ಹೋಗೋಣ ಅಂದರೆ ಚಪ್ಪಲಿ ಮೆಟ್ಟುತ್ತಿದ್ದಳು. ಅವರಿಬ್ಬರ ಸಂಸಾರ ನಡೆದುಬಂದದ್ದೇ ಹಾಗೆ.

ತಂಗಿ ಮಾತ್ರ ಷರತ್ತು ಹಾಕಿಯೇ ಕಾರು ಹತ್ತಿದ್ದಳು. “ಬರೀ ತುಕ್ಕು ನೋಡೋದಕ್ಕೆ ಅಷ್ಟು ದೂರ ಯಾರು ಬರ್ತಾರೆ ಭಾವ? ದಾರೀಲಿ ದೊಡ್ಡ ಚಿತ್ರಶಾಲೆ ಇದೆಯಂತೆ. ಮೊದಲು ಅದನ್ನ ತೋರಿಸಿ. ಆಮೇಲೆ ನಿಮ್ಮ ತುಕ್ಕೂ ನೋಡ್ತೀನಿ, ಚೆನ್ನಾಗಿದೆ ಅಂತಾನೂ ಹೇಳ್ತೀನಿ.”

ಹಿಂದಿನ ದಿನ ದಾರಿಯಲ್ಲೊಂದು ದೀಪಸ್ತಂಭದ ಮ್ಯೂಸಿಯಂ ಸಿಕ್ಕಿತ್ತು. ಯಜಮಾನರು ಒಳಗೆ ಬಂದಿರಲಿಲ್ಲ. ಮಂಡಿ ಹಿಡಿದುಕೊಂಡಿದೆ, ನೀವು ನೋಡಿಬನ್ನಿ ಎಂದು ಹೊರಗೆ ಕಲ್ಲುಬೆಂಚಿನ ಮೇಲೆ ಕೂತುಬಿಟ್ಟಿದ್ದರು. ಅವಳಿಗೆ ಅದು ಈಗ ನೆನಪಾಯಿತು. ಅಲ್ಲಿಂದ ಎದ್ದು ಬಂದಾಗ ಅವರ ಮಂಡಿಗೆ ಏನೂ ಆಗಿರಲಿಲ್ಲ.

*

ಚಿತ್ರಶಾಲೆಯೊಳಗೆ ತಣ್ಣಗಿತ್ತು. ಎತ್ತರದ ಬಿಳಿ ಗೋಡೆಗಳು, ಮೆರುಗು ಹಚ್ಚಿದ ಮರದ ನೆಲ. ಯಾರು ನಡೆದರೂ ಅದು ಕಿರುಗುಟ್ಟಿ ಚಾಡಿ ಹೇಳುತ್ತಿತ್ತು. ತಂಗಿ ಮುಂದೆ ಮುಂದೆ ಹೋಗುತ್ತ, ಹಣ್ಣಿನ ಬುಟ್ಟಿಯ ಚಿತ್ರವೊಂದರ ಮುಂದೆ ನಿಂತು, ಇಡೀ ಕೋಣೆಗೆ ಕೇಳಿಸುವ ಹಾಗೆ ಅಂದಳು: “ಅಕ್ಕಾ, ಇದನ್ನ ಬರೆಯೋಕೆ ಎರಡು ವರ್ಷ ತಗೊಂಡನಂತೆ! ಅಷ್ಟರಲ್ಲಿ ಹಣ್ಣು ಕೊಳೆತು ನಾರ್ತಿರಲಿಲ್ವಾ?” ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಕಾವಲಿನ ಹೆಂಗಸು ತುಟಿಯ ಮೇಲೆ ಬೆರಳಿಟ್ಟಳು. ತಂಗಿಯೂ ತುಟಿಯ ಮೇಲೆ ಬೆರಳಿಟ್ಟು ಅವಳಿಗೆ ನಮಸ್ಕಾರ ಮಾಡಿ ಮುಂದಿನ ಕೋಣೆಗೆ ಹೋದಳು.

ಗಂಡಹೆಂಡಿರು ದೊಡ್ಡದೊಂದು ಸಮುದ್ರದ ಚಿತ್ರದೆದುರು ನಿಂತರು. ಇಂಥ ಕಡೆ ಅವರದೊಂದು ರೂಢಿಯಿತ್ತು. ಗೋಡೆಯ ಮೇಲೆ ಬರೆದದ್ದನ್ನು ಅವರು ಓದಬೇಕು, ಅವಳು ಕಣ್ಣು ಮುಚ್ಚಿ ಕೇಳಬೇಕು. ಕೇಳಿದ ಮೇಲೆ ಕಣ್ಣು ಬಿಟ್ಟು ನೋಡಬೇಕು. ಅವಳಿಗೆ ಓದು ಬರುವುದಿಲ್ಲವೆಂದಲ್ಲ. ಚಿಕ್ಕಂದಿನಲ್ಲಿ ಅಪ್ಪ ದಿನಾ ಸಂಜೆ ಪದ್ಯಗಳನ್ನು ರಾಗವಾಗಿ ಓದುತ್ತಿದ್ದರು. ಅವಳು ಕಂಬಕ್ಕೊರಗಿ ಕಣ್ಣು ಮುಚ್ಚಿ ಕೂತು ಕೇಳುತ್ತಿದ್ದಳು. ಅಂದಿನಿಂದ ಕಿವಿಯ ದಾರಿಯಲ್ಲಿ ಬಂದದ್ದು ಮಾತ್ರ ಅವಳ ಒಳಗೆ ನಿಲ್ಲುತ್ತಿತ್ತು. ಮದುವೆಯಾದ ಹೊಸತರಲ್ಲಿ ಯಜಮಾನರು ಇದನ್ನು ಕಂಡು ನಕ್ಕಿದ್ದರು, ಆಮೇಲೆ ಓದತೊಡಗಿದ್ದರು. ಪತ್ರಿಕೆ, ಔಷಧಿಯ ಡಬ್ಬಿ, ಅಂಗಡಿಯ ಬೋರ್ಡು, ಎಲ್ಲವನ್ನೂ.

ಅವರು ಕನ್ನಡಕ ಮೇಲೇರಿಸಿದರು, ಇಳಿಸಿದರು, ಗಂಟಲು ಸರಿಮಾಡಿಕೊಂಡರು.

“ಇದು ಸಮುದ್ರದ ಚಿತ್ರ. ಬರೆದವನು ಆಗಲೇ ಮುದುಕನಾಗಿದ್ದ. ಆ ಕಾಲದಲ್ಲಿ ಜನ ಹೀಗೇ ದೋಣಿಗಳನ್ನ ದಡಕ್ಕೆ ಎಳೀತಿದ್ದರು. ಬಣ್ಣ ಎಲ್ಲ ಕೈಯಲ್ಲೇ ಅರೆದು ಮಾಡಿದ್ದು. ಬಹಳ ಒಳ್ಳೆಯ ಚಿತ್ರ.”

ಮುಚ್ಚಿದ ಕಣ್ಣೊಳಗೆ ಅವಳಿಗೆ ಏನೋ ಎಡವಿದ ಹಾಗಾಯಿತು. ಬರೆದದ್ದನ್ನು ಓದುವಾಗ ಮಾತು ಬೇರೊಬ್ಬರ ಚಪ್ಪಲಿ ಹಾಕಿಕೊಂಡ ಹಾಗೆ ಹುಷಾರಾಗಿ ನಡೆಯುತ್ತದೆ. ಎಲ್ಲಿ ನಿಲ್ಲಬೇಕೆಂದು ಬರೆದವನು ಮೊದಲೇ ಗೊತ್ತುಮಾಡಿರುತ್ತಾನೆ. ಈಗ ಕೇಳಿಸಿದ್ದು ಹಾಗೆ ನಡೆಯಲಿಲ್ಲ. ಅದು ಅವರ ಸ್ವಂತ ಚಪ್ಪಲಿಯ ಸಪ್ಪಳ. ಅಲ್ಲದೆ ಯಾವ ಚಿತ್ರಶಾಲೆಯವರು ತಮ್ಮ ಗೋಡೆಯ ಮೇಲೆ ‘ಬಹಳ ಒಳ್ಳೆಯ ಚಿತ್ರ’ ಎಂದು ಬರೆದಾರು?

ಅವಳು ಕಣ್ಣು ಬಿಟ್ಟಳು. ಒಂದೆರಡು ಹೆಜ್ಜೆ ಮುಂದೆ ಹೋಗಿ, ಅವರು ನೋಡುತ್ತಿದ್ದ ಪುಟ್ಟ ಬಿಳಿ ಫಲಕದ ಮೇಲೆ ಬಗ್ಗಿದಳು.

‘ಚಿತ್ರಗಳನ್ನು ಮುಟ್ಟಬೇಡಿ.’

ಇದ್ದದ್ದು ಅಷ್ಟೇ. ಚಿತ್ರದ ವಿವರ ಆಚೆಯ ಕಂಬದ ಮೇಲಿತ್ತು.

ತಿರುಗಿ ನೋಡಿದಳು. ಅವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಓದಿ ಮುಗಿಸಿದವರ ನೆಮ್ಮದಿಯಲ್ಲಿ ನಿಂತಿದ್ದರು. ಅವಳು ಅವರ ತೋಳು ಹಿಡಿದು ಪಕ್ಕದ ಚಿತ್ರದ ಮುಂದೆ ನಿಲ್ಲಿಸಿದಳು.

“ಇದರಲ್ಲಿ ಏನಿದೆ ರೀ? ನನ್ನ ಕನ್ನಡಕ ಕಾರಲ್ಲೇ ಉಳಿದುಬಿಡ್ತು.”

ಅವರು ತಲೆಯನ್ನು ಕೊಂಚ ಓರೆಮಾಡಿದರು, ಕೋಳಿ ಕಾಳು ನೋಡುವಂತೆ. “ಆ ತುದೀಲಿ ಹಸಿರು ಪರದೆ. ಕೆಳಗಡೆ ಮೂಲೇಲಿ ಬೆಕ್ಕು, ಕಪ್ಪು ಬೆಕ್ಕು. ನಡುವೆ ಒಬ್ಬಳು ಹೆಂಗಸು ಕೂತಿದ್ದಾಳೆ.”

“ಹೇಗಿದ್ದಾಳೆ?”

“ಚೆನ್ನಾಗಿದ್ದಾಳಪ್ಪ. ಮುಖದಲ್ಲಿ ಒಳ್ಳೆ ಕಳೆ ಇದೆ.”

ಪರದೆ ಹಸಿರೇ. ಬೆಕ್ಕು ಕಪ್ಪೇ. ಆದರೆ ಚಿತ್ರದ ಹೆಂಗಸು ಬೆನ್ನು ತಿರುಗಿಸಿ, ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಅವಳಿಗೆ ಮುಖವೇ ಇರಲಿಲ್ಲ.

ಇಲ್ಲಿಯ ತನಕ ಈ ಮನುಷ್ಯನ ಪಕ್ಕದಲ್ಲಿ ಕೂತು ಬಂದಿದ್ದೇನಲ್ಲ, ದೇವರೇ. ಕೊಂಡಿ ಕಳಚಿದಂತೆ ಒಂದೊಂದೇ ಬಿಚ್ಚಿಕೊಂಡಿತು. ದಾರಿಯುದ್ದಕ್ಕೂ ಅವರು ತಂಗಿಯನ್ನು ರೇಗಿಸುತ್ತಿದ್ದರು: “ಮೈಕಮ್ಮ, ಆ ಬೋರ್ಡಲ್ಲಿ ಏನಿದೆ ಓದಮ್ಮ, ನಿಲ್ದಾಣದಲ್ಲಿ ಓದೋ ಹಾಗೆ.” ತಂಗಿ ಕುಣಿಕುಣಿದು ಓದುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಅವಳೂ ನಕ್ಕಿದ್ದಳು.

ಕಾರಿನ ಹತ್ತಿರ ಬಂದಾಗ ಅವಳು ಒಂದು ಸಲ ಪ್ರಯತ್ನಪಟ್ಟಳು. “ರೀ, ಇವತ್ತು ಇದೇ ಊರಲ್ಲಿ ಉಳಿದುಕೊಳ್ಳೋಣವಾ? ನನಗೆ ತಲೆ ಸಿಡೀತಿದೆ.”

“ಇನ್ನೇನು ಬಂದರು ಬಂತಲ್ಲ. ಕಣ್ಣು ಮುಚ್ಕೊಂಡು ಕೂರು, ಸರಿಹೋಗುತ್ತೆ.”

“ನಾಳೆ ಆ ಮ್ಯೂಸಿಯಮ್ಮಿಗೆ ರಜೆ ಕಣೇ ಅಕ್ಕ!” ತಂಗಿ ಆಗಲೇ ಹಿಂದಿನ ಬಾಗಿಲು ತೆಗೆದು ಒಳಗೆ ತೂರಿದ್ದಳು. “ತಲೆನೋವಿನ ಮಾತ್ರೆ ನನ್ನ ಹತ್ತಿರ ಇದೆ. ತಗೋ, ನುಂಗು, ಹತ್ತು.”

ಅವಳಿಗೆ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ತಂಗಿಯ ಮುಖ ನೋಡಿದಳು. ಈ ಮಾತು ಈ ಕಾರಿನೊಳಗೆ ಒಮ್ಮೆ ಹೊರಬಿದ್ದರೆ ಮಗಳಿಗೆ, ಅಳಿಯನಿಗೆ, ಬೀಗರಿಗೆ, ನೆರೆಯವರಿಗೆ ಎಲ್ಲರಿಗೂ ಮುಟ್ಟುತ್ತದೆ. ಅದಕ್ಕಿಂತ ಹೆಚ್ಚಾಗಿ, ಯಜಮಾನರಿಗೆ ತಂಗಿಯ ಎದುರಿನಲ್ಲೇ ಮುಟ್ಟುತ್ತದೆ. ಅವಳು ಮಾತ್ರೆ ನುಂಗಿ, ಕಾರು ಹತ್ತಿದಳು.

*

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಳು. ರಸ್ತೆ ಕಡಲಿನ ಪಕ್ಕಕ್ಕೆ ಬಂದಿತ್ತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಗಿಡ್ಡ ಗೋಡೆ, ಅದರಾಚೆ ನೀರು. ಯಜಮಾನರು ಎದುರಿಗೆ ನೋಡುತ್ತಲೇ ಇರಲಿಲ್ಲ. ತಲೆಯನ್ನು ಹಾಗೇ ಓರೆಯಾಗಿ ಹಿಡಿದು, ರಸ್ತೆಯ ಅಂಚಿಗೆ ಬಳಿದ ಬಿಳಿ ಗೆರೆಯನ್ನೇ ಹಿಡಿದು ಹೋಗುತ್ತಿದ್ದರು. ಮುಂದೊಂದು ಕೆಂಪು ಲಾರಿ ಸಿಕ್ಕಾಗ ಅದರ ಬೆನ್ನಿಗೆ ಅಂಟಿಕೊಂಡರು. ಲಾರಿ ನಿಧಾನವಾದರೆ ಇವರೂ ನಿಧಾನ, ಅದು ಓಡಿದರೆ ಇವರೂ ಓಟ.

“ದಾಟಿ ಹೋಗಿ ಭಾವ! ಅದರ ಹೊಗೆ ಎಷ್ಟು ಹೊತ್ತು ಕುಡಿಯೋದು?”

“ಇರಲಿ ಮೈಕಮ್ಮ. ಅವಸರ ಯಾಕೆ.”

“ನಮ್ಮ ನಿಲ್ದಾಣದ ಡ್ರೈವರುಗಳು ನಿಮ್ಮನ್ನ ನೋಡಿದ್ರೆ ನಿದ್ದೆ ಮಾಡ್ತಾರೆ.”

ಅವಳ ಕಾಲು ಕಾರಿನ ನೆಲವನ್ನು ತಾನೇ ತಾನಾಗಿ ಒತ್ತುತ್ತಿತ್ತು, ಅಲ್ಲಿ ಬ್ರೇಕು ಇದ್ದ ಹಾಗೆ. ಬಾಯಿ ಒಳಗೊಳಗೇ ದೇವರ ಹೆಸರು ಹೇಳುತ್ತಿತ್ತು. ಎಷ್ಟು ಸಲ ಹೇಳಿದಳೋ. ಬಂದರಿನ ಕ್ರೇನುಗಳ ಕೊಕ್ಕುಗಳು ದೂರದಲ್ಲಿ ಕಂಡಾಗ, ಬಂದೇಬಿಟ್ಟೆವು, ಇನ್ನು ಭಯವಿಲ್ಲ ಅಂದುಕೊಂಡಳು. ಲಾರಿ ಆಗಲೇ ಬೇರೆ ದಾರಿಗೆ ತಿರುಗಿಕೊಂಡುಬಿಟ್ಟಿತು. ಎದುರಿಗೆ ರಸ್ತೆ ಬರಿದಾಯಿತು. ಯಜಮಾನರು ಮತ್ತೆ ಬಿಳಿ ಗೆರೆ ಹಿಡಿದರು.

ಆ ಗೆರೆ ಇಲ್ಲಿ ಹೊಸದಾಗಿತ್ತು, ಹಸಿಹಸಿಯಾಗಿ ಹೊಳೆಯುತ್ತಿತ್ತು. ಅದು ಎಲ್ಲಿಗೆ ಹೋಗುತ್ತದೆಂದು ಅವಳು ನೋಡಿದಳು. ಮುಂದೆ, ತಿರುವಿನಲ್ಲಿ, ಗೆರೆಯ ತುದಿಯಲ್ಲಿ, ಒಬ್ಬ ಆಳು ಕುಕ್ಕುರುಗಾಲಿನಲ್ಲಿ ಕೂತು ಬ್ರಷ್ಷಿನಿಂದ ಗೆರೆ ಸರಿಪಡಿಸುತ್ತಿದ್ದ. ಬೆನ್ನು ಇವರ ಕಡೆಗಿತ್ತು. ಪಕ್ಕದಲ್ಲಿ ಬಣ್ಣದ ಬಕೆಟ್ಟು, ಸುತ್ತ ಕಿತ್ತಳೆ ಬಣ್ಣದ ಶಂಕುಗಳು.

ಅವಳಿಗೆ ಎಡ, ಬಲ ಎಂಬ ಮಾತು ಎಂದೂ ನಾಲಿಗೆಗೆ ಬಂದದ್ದಲ್ಲ. ಆಟೋದಲ್ಲಿ ಕೂತರೂ ಅಷ್ಟೆ, ಬೀರು ಸರಿಸುವವರಿಗೆ ಹೇಳುವುದಾದರೂ ಅಷ್ಟೆ: ‘ಈ ಕಡೆ’ ಅನ್ನುವಳು, ಕೈ ತೋರಿಸುವಳು.

“ರೀ, ಈ ಕಡೆ! ಈ ಕಡೆ ತಿರುಗಿಸ್ರೀ, ಈ ಕಡೆ!”

ಅವಳ ಕೈ ರಸ್ತೆಯ ನಡುವನ್ನು ತೋರಿಸುತ್ತಿತ್ತು. ಅವರು ಕೈ ನೋಡಲಿಲ್ಲ. ದನಿ ಬಂದ ಪಕ್ಕಕ್ಕೆ, ಅವಳು ಕೂತಿದ್ದ ಪಕ್ಕಕ್ಕೆ, ಅಂಚಿನ ಕಡೆಗೇ ಸ್ಟೀರಿಂಗು ಎಳೆದರು. ಶಂಕುಗಳು ದಡಬಡ ಉರುಳಿದವು. ಆಳು ತಿರುಗಿ ನೋಡಿ ಗೋಡೆಯ ಕಡೆ ಹಾರಿಕೊಂಡ. ತಂಗಿ ಕಿರುಚಿದಳು. ಬ್ರೇಕು ಕಿರ್ರೆಂದಿತು. ಬಕೆಟ್ಟು ಕಾರಿನ ಮೂತಿಗೆ ಬಡಿದು ಮಗುಚಿ, ಬಿಳಿ ಬಣ್ಣ ರಸ್ತೆಯ ಮೇಲೆ ಹಾಲು ಚೆಲ್ಲಿದಂತೆ ಹರಡಿತು.

ಆಳು ಗೋಡೆಗೆ ಒರಗಿದಲ್ಲಿಂದ ಎದ್ದು ಬಂದು ಬಾನೆಟ್ಟಿನ ಮೇಲೆ ಕೈಯಿಂದ ಗುದ್ದಿದ.

“ಏನಯ್ಯಾ! ಕಣ್ಣು ಕಾಣಲ್ವಾ ನಿಂಗೆ?”

ಯಜಮಾನರು ಸ್ಟೀರಿಂಗನ್ನು ಹಿಡಿದೇ ಕೂತಿದ್ದರು. ತಂಗಿ ಕಿಟಕಿಯಿಂದ ಅರ್ಧ ಮೈ ಹೊರಹಾಕಿದಳು.

“ಯಾರಿಗೆ ರೀ ಕಣ್ಣು ಕಾಣಲ್ಲ ಅಂತೀರಿ? ತಿರುವಿನಲ್ಲಿ ಕೂತ್ಕೊಂಡು ಕೆಲಸ ಮಾಡೋದಾ? ನಮ್ಮ ಭಾವ ಹಡಗಿನ ಪೇಂಟರು! ನೀವು ಎಳೆದಿರೋ ಗೆರೆ ನೋಡಿ ಮೊದಲು, ಹಾವು ಹರಿದ ಹಾಗಿದೆ!”

“ಸುಮ್ಮನಿರೇ!” ಅವಳು ತಿರುಗಿ ಗದರಿದಳು. ಅಕ್ಕ ಗದರಿದ್ದನ್ನು ತಂಗಿ ಕೇಳಿಯೇ ಬಹಳ ಕಾಲವಾಗಿತ್ತು, ತಲೆ ಒಳಗೆಳೆದುಕೊಂಡಳು. ಅವಳು ಇಳಿದು ಹೋಗಿ ಆಳಿನ ಮುಂದೆ ನಿಂತಳು. ವಯಸ್ಸಾದವನೇನಲ್ಲ, ಮಗಳ ವಾರಿಗೆ. ಅಂಗಿಯ ತೋಳಿನ ತುಂಬ ಬಿಳಿ ಸಿಡಿದಿತ್ತು. “ತಪ್ಪಾಯ್ತಪ್ಪ,” ಅಂದಳು. “ಪೆಟ್ಟಾಯ್ತಾ? ಎಲ್ಲಾದ್ರೂ ತಾಗಿತಾ?” ಅವನು ಏನೋ ಬೈಯಲು ಹೊರಟು, ಅವಳ ಮುಖ ನೋಡಿ ನಿಲ್ಲಿಸಿದ. “ಹೋಗಿ ತಾಯಿ, ಹೋಗಿ,” ಅಂದ. ಉರುಳಿದ ಶಂಕುಗಳನ್ನು ಅವಳೇ ಹೆಕ್ಕಿ ಒಂದೊಂದಾಗಿ ನಿಲ್ಲಿಸಿದಳು.

ಅಲ್ಲಿಂದ ಮುಂದಕ್ಕೆ ಕಾರು ನಡೆದುಹೋಗುವವರ ವೇಗದಲ್ಲಿ ಹೋಯಿತು. ಹಿಂದಿನಿಂದ ಹಾರ್ನು ಹೊಡೆದವರು ಹೊಡೆದುಕೊಂಡು ದಾಟಿದರು.

*

ಹಡಗು ಮ್ಯೂಸಿಯಂ ಹಿಂದೊಮ್ಮೆ ಗೋದಾಮಾಗಿತ್ತೆಂದು ನೋಡಿದ ಕೂಡಲೇ ತಿಳಿಯುತ್ತಿತ್ತು. ತಗಡಿನ ಚಾವಣಿ, ಕಬ್ಬಿಣದ ತೊಲೆಗಳು, ಡಾಂಬರು ಮತ್ತು ಹಳೇ ಹಗ್ಗದ ವಾಸನೆ. ಕಾರು ನಿಲ್ಲಿಸುವ ಜಾಗದಲ್ಲಿ ಇಳಿದ ಕೂಡಲೇ ಅವಳು ಕೈ ಚಾಚಿದಳು. “ಕೀಲಿ ಕೊಡಿ. ಶಾಲು ಹಿಂದೆ ಉಳಿದಿದೆ.” ಅವರು ಕೊಟ್ಟರು. ಶಾಲು ತೆಗೆದುಕೊಂಡಳು, ಬಾಗಿಲು ಹಾಕಿದಳು, ಕೀಲಿಯನ್ನು ತನ್ನ ಕೈಚೀಲದೊಳಗೆ ಹಾಕಿ ಜಿಪ್ಪೆಳೆದಳು. ಅವರು ಕೇಳಲಿಲ್ಲ. ಕೇಳದೆ ಇದ್ದದ್ದು ಮರೆವಿನಿಂದಲ್ಲ ಎಂದು ಅವಳಿಗೆ ತೋರಿತು.

“ನಾನು ಮೊದಲು ಒಂದು ಲೋಟ ಟೀ ಕುಡೀತೀನಿ. ನೀವು ನಡೀರಿ, ತುಕ್ಕೇನು ಓಡಿಹೋಗಲ್ಲ,” ಎಂದು ತಂಗಿ ಬಾಗಿಲಲ್ಲಿದ್ದ ಕ್ಯಾಂಟೀನಿಗೆ ಹೋದಳು.

ಲಂಗರುಗಳು, ದಿಕ್ಸೂಚಿಗಳು, ಗಾಜಿನ ಪೆಟ್ಟಿಗೆಯೊಳಗಿನ ಪುಟ್ಟ ಪುಟ್ಟ ಹಡಗುಗಳು, ಯಾವುದರ ಮುಂದೆಯೂ ಯಜಮಾನರು ನಿಲ್ಲಲಿಲ್ಲ. ಗೋದಾಮಿನ ಕೊನೆಯಲ್ಲಿ ಚಾವಣಿ ಮುಟ್ಟುವಂತೆ ಎದ್ದುನಿಂತಿತ್ತು ಹಡಗಿನ ಮೂತಿ, ಕತ್ತಿಯಲ್ಲಿ ಕೊಯ್ದ ದೊಡ್ಡ ಹಣ್ಣಿನ ಹೋಳಿನ ಹಾಗೆ. ಕರಿಯ ಮೈ, ಮೇಲೆ ಬಿಳಿ ಅಕ್ಷರಗಳು. ಕೆಳಗಿನ ಅಕ್ಷರದ ಪಾದ ಕೈಗೆಟಕುವಂತಿತ್ತು. ಅಡ್ಡ ಕಟ್ಟಿದ ಹಗ್ಗದ ಮೇಲಿಂದ ಬಗ್ಗಿ ಅವರು ಅಂಗೈಯನ್ನು ಅಕ್ಷರದ ಮೇಲಿಟ್ಟರು. ನಿಧಾನವಾಗಿ ಸವರಿದರು. ಒಮ್ಮೆ ಉಗುರಿನಿಂದ ಕೆರೆದರು. ಕೈ ಅಲ್ಲೇ ನಿಂತಿತು.

“ಪಕ್ಕದಲ್ಲಿ ಏನೋ ಬರೆದಿರಬೇಕಲ್ಲ,” ಅಂದರು. ಸ್ವಲ್ಪ ತಡೆದು, “ಇವತ್ತು ನೀನೇ ಓದು.”

ಅವಳು ಅವರ ಕಡೆ ನೋಡಿದಳು. ಅವರು ಹಡಗಿನ ಕಡೆಗೇ ಮುಖ ಮಾಡಿದ್ದರು. ಅವಳು ಫಲಕದ ಹತ್ತಿರ ಹೋಗಿ, ಮೊದಲ ಸಲ ಪಾಠ ಒಪ್ಪಿಸುವವಳಂತೆ, ಒಂದೊಂದೇ ಪದವಾಗಿ ಓದಿದಳು. ಹಡಗು ಯಾವಾಗ ನೀರಿಗಿಳಿಯಿತು, ಏನೇನು ಹೊತ್ತಿತು, ಯಾವ ಬಿರುಗಾಳಿಯಲ್ಲಿ ಉಳಿದುಬಂತು. ಕೊನೆಯ ಸಾಲಿಗೆ ಬಂದಾಗ ಅವಳ ಕಣ್ಣು ಮೊದಲೇ ಅದನ್ನು ಓದಿಬಿಟ್ಟಿತು. ನಿಲ್ಲಿಸಿದಳು.

“ಇನ್ನೂ ಇದೆ,” ಅಂದರು.

“ಅಷ್ಟೇ ರೀ.”

“ನಿಲ್ಲಿಸಿದೆ. ಮುಗಿಸಲಿಲ್ಲ. ನಿನ್ನ ಜೊತೆ ಇದ್ದೂ ಇದ್ದೂ ನನಗೂ ಅಷ್ಟು ಕಿವಿ ಬಂದಿದೆ. ಓದು.”

ಅವಳು ಓದಿದಳು. “ಹಳೆಯ ಬಣ್ಣ ಪೂರ್ಣವಾಗಿ ಉದುರಿದ್ದರಿಂದ ಹೆಸರನ್ನು ಹೊಸದಾಗಿ ಬರೆಯಲಾಗಿದೆ.”

ಯಜಮಾನರು ಕೈ ಹಿಂದಕ್ಕೆ ತೆಗೆದುಕೊಂಡರು. ಅಂಗೈಯನ್ನು ಇನ್ನೊಂದು ಕೈಯಿಂದ ಒರೆಸಿಕೊಂಡರು. “ಗೊತ್ತಾಯ್ತು ಮುಟ್ಟಿದ ಕೂಡಲೇ. ಅಚ್ಚಿಟ್ಟು ಬಳಿದಿದ್ದಾರೆ, ಅಂಚು ಬ್ಲೇಡಿನ ಹಾಗಿದೆ. ಹೋಗಲಿ ಬಿಡು. ಉಪ್ಪುನೀರಲ್ಲಿ ನನ್ನ ಬಣ್ಣ ಅಷ್ಟು ವರ್ಷ ಬಾಳಿದ್ದೇ ಹೆಚ್ಚು.” ನಗಲು ನೋಡಿದರು. ನಗು ಅರ್ಧಕ್ಕೇ ನಿಂತಿತು.

ಹಡಗಿನ ಎದುರಿಗಿದ್ದ ಬೆಂಚಿನ ಮೇಲೆ ಇಬ್ಬರೂ ಕೂತರು. ಅವಳು ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡಳು.

“ಯಾವಾಗಿನಿಂದ?” ಎಂದು ಕೇಳಿದಳು.

“ಮಳೆಗಾಲಕ್ಕೆ ಮುಂಚಿನಿಂದ.” ಯಾವುದು ಎಂದು ಅವರು ಕೇಳಲಿಲ್ಲ. “ನಡುಮಧ್ಯೆ ಯಾರೋ ಮಸಿ ಉಜ್ಜಿದ ಹಾಗೆ. ಸುತ್ತ ಎಲ್ಲ ಇದೆ. ನಿನ್ನ ಕಡೆ ತಿರುಗಿದರೆ ಕಿವಿಯ ಓಲೆ ಕಾಣುತ್ತೆ, ಮುಖ ಕಾಣಲ್ಲ.”

“ಡಾಕ್ಟರು?”

“ಇನ್ನು ಸರಿಹೋಗೋದಲ್ಲ ಅಂದರು. ಕಾರು ಮುಟ್ಟಬೇಡಿ ಅಂದರು.”

“ಅಂದಮೇಲೂ ನಮ್ಮಿಬ್ಬರನ್ನ ಕೂರಿಸ್ಕೊಂಡು ಬಂದ್ರಿ.”

“ಇದನ್ನೊಂದು ನೋಡಿಬಿಡೋಣ ಅನ್ನಿಸ್ತು, ಪೂರ್ತಿ ಹೋಗೋ ಮುಂಚೆ.” ಹಡಗಿನ ಕಡೆ ಕೈ ಮಾಡಿದರು. “ಬೈಯಿ ನನ್ನ. ಬೈಸಿಕೊಳ್ಳೋ ಕೆಲಸಾನೇ ಮಾಡಿದ್ದೀನಿ.”

ಅವಳು ಬೈಯಲಿಲ್ಲ. ಗೋಡೆಯ ಕಡೆ ಹಾರಿಕೊಂಡ ಆ ಆಳಿನ ಬೆನ್ನು ಅವಳ ಕಣ್ಣಿಗೆ ಕಟ್ಟಿತ್ತು. ಅವನಿಗೂ ಮನೆಯಲ್ಲಿ ಯಾರೋ ಈ ಹೊತ್ತು ಅನ್ನ ಬೇಯಿಸುತ್ತಿರಬೇಕು. ಮೇಲೆ ಎಲ್ಲೋ ಸಡಿಲವಾದ ತಗಡೊಂದು ಗಾಳಿಗೆ ಪಟಪಟ ಅನ್ನುತ್ತಿತ್ತು.

“ಈ ಹೆಸರು ಬರೆದಾಗ ನೀನು ಹೊಸ ಮದುವಣಗಿತ್ತಿ,” ಎಂದು ಅವರು ಮೆಲ್ಲಗೆ ಶುರುಮಾಡಿದರು. “ಬುತ್ತಿ ತಂದವಳು ಕಟ್ಟೆ ಮೇಲೇ ನಿಂತುಬಿಡ್ತಿದ್ದೆ. ನಾನು ಅಲ್ಲಿ ಹಲಗೆ ಮೇಲೆ ನೇತಾಡ್ತಿದ್ದೆ. ಮೂತಿಗೆ ಅಷ್ಟು ಹತ್ತಿರ ನಿಂತವನಿಗೆ ಅಕ್ಷರ ಪೂರ್ತಿ ಕಾಣುತ್ತಾ? ಒಂದು ಸೊಟ್ಟ ಗೆರೆ ಕಾಣುತ್ತೆ, ಅಷ್ಟೆ. ಕೆಳಗಿಂದ ನೀನು ಕೂಗ್ತಿದ್ದೆ, ಈ ಕಡೆ, ಇನ್ನೂ ಈ ಕಡೆ, ಸಾಕು ಅಂತ. ನಾನು ತಿರುಗಿ ನಿನ್ನ ಕೈ ನೋಡ್ತಿದ್ದೆ, ಎಳೀತಿದ್ದೆ. ಒಂದು ಗೆರೆ ತಪ್ಪಿದ್ದಿಲ್ಲ.”

“ಹೂಂ.”

“ಈಗಲೂ ಹಾಗೇ ಮಾಡೋಣ.” ಅವರು ಅವಳ ಕಡೆ ತಿರುಗಿದರು, ತಲೆ ಓರೆಯಾಯಿತು, ಓಲೆಯನ್ನು ಹುಡುಕಿಕೊಂಡ ಹಾಗೆ. ದನಿ ಇನ್ನಷ್ಟು ಇಳಿಯಿತು. “ನೀನು ಕೂಗೋದೂ ಬೇಡ. ಎಡಕ್ಕಾದ್ರೆ ನನ್ನ ತೊಡೆ ಒಂದು ಸಲ ತಟ್ಟು, ಬಲಕ್ಕಾದ್ರೆ ಎರಡು ಸಲ. ನಿಲ್ಲಿಸಬೇಕಾದ್ರೆ ಬಟ್ಟೆ ಹಿಡಿದೆಳಿ. ನಿಧಾನಕ್ಕೆ ಹೋಗೋಣ. ಮೈಕಮ್ಮನಿಗೆ ಗೊತ್ತೇ ಆಗಲ್ಲ.”

“ಬಸ್ಸಿದೆ. ಬಸ್ಸಲ್ಲಿ ಹೋಗೋಣ.”

“ಬಸ್ಸಲ್ಲಿ ಹೋದರೆ ಅವಳು ಯಾಕೆ ಅಂತ ಕೇಳಲ್ವಾ? ಕೇಳಿದ ಮೇಲೆ ಊರಿಗೆಲ್ಲ ಕೂಗಲ್ವಾ? ನಾಳೆ ಮಗಳು ಬರ್ತಾಳೆ, ಅಳಿಯ ಬರ್ತಾನೆ. ಕೈ ಹಿಡಿದು ನಡೆಸ್ತಾರೆ. ತಟ್ಟೇಲಿ ಏನೇನಿದೆ ಅಂತ ಹೇಳಿ ತಿನ್ನಿಸ್ತಾರೆ. ಹೇಗೂ ಒಂದಿನ ಎಲ್ಲರಿಗೂ ಗೊತ್ತಾಗೋದೇ. ಇವತ್ತೇ ಬೇಡ. ಮನೆ ತನಕ ಕಣೇ. ಮನೆ ಸೇರಿದ ಮೇಲೆ ಕಾರು ಮುಟ್ಟಿದರೆ ಕೇಳು. ನಿನ್ನ ಹತ್ತಿರ ಯಾವತ್ತು ಏನು ಬೇಡಿದ್ದೀನಿ ನಾನು?”

ಅದು ನಿಜವಿತ್ತು. ಅವರು ಬೇಡಿದವರಲ್ಲ. ಬೇಡುವ ಮೊದಲೇ ಅವಳು ಕೊಟ್ಟುಬಿಡುತ್ತಿದ್ದಳು.

ಅವರು ಬೆಂಚಿನ ಮೇಲೆ, ಇಬ್ಬರ ನಡುವೆ, ಅಂಗೈ ಬಿಡಿಸಿ ಇಟ್ಟರು. ಗೆರೆಗೆರೆಯ ದೊಡ್ಡ ಕೈ. ಉಗುರಿನ ಸಂದಿಯಲ್ಲಿ, ಅಕ್ಷರವನ್ನು ಕೆರೆದಾಗ ಹತ್ತಿದ ಹೊಸ ಬಿಳಿಯ ಪುಡಿ. ಕ್ಯಾಂಟೀನಿನ ಕಡೆಯಿಂದ ತಂಗಿಯ ನಗು ಕೇಳಿಸಿತು. ಯಾರಿಗೋ ಏನೋ ಹೇಳಿ ನಗಿಸುತ್ತಿದ್ದಳು. ನಗು ಹತ್ತಿರ ಹತ್ತಿರ ಬರುತ್ತಿತ್ತು.

“ಬೇಗ ಕೀಲಿ ಕೊಡು,” ಅಂದರು. “ಬರ್ತಿದ್ದಾಳೆ.”

ಅವಳು ಚೀಲದ ಜಿಪ್ಪಿನ ಮೇಲೆ ಎರಡೂ ಕೈ ಇಟ್ಟಳು.

“ಇಲ್ಲ,” ಅಂದಳು. “ಕೊಡಲ್ಲ.”